ಕ್ರಿಸ್ತಜನನವೂ ‘ಮನುಷ್ಯಾವತಾರ’ ಶಬ್ದವೂ

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿ ಅರಸರ ಕಾಲದಿಂದಲೂ ಕ್ರೈಸ್ತರು ನೆಲಸಿರುವರು. ಕನ್ನಡ ಕ್ರೈಸ್ತರಲ್ಲಿ ಕ್ರಿಸ್ತನ ಜನನವನ್ನು ‘ಮನುಷ್ಯಾವತಾರ’ವೆಂದು ಕರೆಯುವ ರೂಢಿಯುಂಟು. ಈ ಶಬ್ದವು ಆ ಮತದ ಭಾವವನ್ನು ಎಷ್ಟರಮಟ್ಟಿಗೆ ಹೊರಬಲ್ಲುದೆಂಬುದು ವಿಚಾರಣೀಯವಾಗಿದೆ.

ಸುವಾರ್ತೆಗಳು ನಾಲ್ಕಿದ್ದರೂ ಜನನವೃತ್ತಾಂತವಿರುವುದು ಮತ್ತಾಯ, ಲೂಕ ಎಂಬ ಎರಡರಲ್ಲಿ ಮಾತ್ರ. ಜೋಯಿಸರು ನಕ್ಷತ್ರವನ್ನು ಕಂಡು ಬಂದುದು ಮೊದಲನೆಯದರಲ್ಲಿ. ಕುರುಬರು ಗೋದಲಿಯಲ್ಲಿದ್ದ ಕೂಸನ್ನು ಕಂಡುದು ಎರಡನೆಯದರಲ್ಲಿ. ಕನ್ಯೆಯಾದ ಮರಿಯಳು ಪವಿತ್ರಾತ್ಮನಿಂದ ಗರ್ಭವತಿಯಾದಳೆಂಬುದು ಎರಡಕ್ಕೂ ಸಮಾನ. ಮಾರ್ಕನು ಜನನವನ್ನು ಹೇಳುವುದೇ ಇಲ್ಲ. ಯೋಹಾನನು ದೇವರ ವಾಕ್ಯವೇ ನರನಾಯಿತೆಂದು ತತ್ತ್ವರೂಪದಲ್ಲಿ ಸಾರುವನು.

‘ಅವತಾರ’ವೆಂದರೆ ಇಳಿದುಬರುವಿಕೆ. ದೇವರು ತಾನಾಗಿ ಬಂದನೆಂಬ ಭಾವಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ವಿಷ್ಣುವಿನ ಅವತಾರಗಳು ಹಲವು. ಧರ್ಮಗ್ಲಾನಿಯಾದಾಗಲೆಲ್ಲ ಮರಳಿ ಉಂಟಾಗುವುವು. ಕ್ರೈಸ್ತರ ನಂಬಿಕೆಯಲ್ಲಿ ಈ ಜನನವು ಒಂದೇ ಸಲದ್ದು. ಕ್ರಿಸ್ತನು ಪೂರ್ಣದೇವನೂ ಪೂರ್ಣಮಾನವನೂ ಆಗಿರುವನೆಂದು ಕ್ರಿ.ಶ. 451ರ ಕ್ಯಾಲ್ಸಿಡನ್ ಧರ್ಮಸಭೆಯು ನಿರ್ಣಯಿಸಿತು. ಆತನು ತಳೆದ ಮನುಷ್ಯತ್ವವು ಪುನರುತ್ಥಾನದ ಅನಂತರವೂ ಕಳಚಿಹೋಗಲಿಲ್ಲವೆಂಬುದು ಅವರ ಸಿದ್ಧಾಂತ.

ಆದುದರಿಂದ ಈ ಸಮಾಸದ ಭಾರವು ‘ಅವತಾರ’ಕ್ಕಿಂತ ‘ಮನುಷ್ಯ’ ಪದದ ಮೇಲೆಯೇ ಬೀಳತಕ್ಕದ್ದು. ಆ ಮನುಷ್ಯತ್ವವನ್ನು ಕನ್ನಡ ಬೈಬಲ್ಲಿನ ‘ಗೋದಲಿ’ ಎಂಬ ಪದವು ಇನ್ನೂ ಸಮೀಪಕ್ಕೆ ತರುವುದು. ದನಕ್ಕೆ ಮೇವಿಕ್ಕುವ ಸ್ಥಳವನ್ನು ಬಲ್ಲ ಒಕ್ಕಲಿಗನಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.