ವಿಕಿರಣ ಚಿಕಿತ್ಸೆಗೆ ಮೊದಲು ಮತ್ತೊಂದು ಸ್ಕ್ಯಾನ್ ಏಕೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಮೈಸೂರಿನ ಆಸ್ಪತ್ರೆಗಳಿಗೋ ಹೋಗುವವರಲ್ಲಿ ಮೂಡುವ ಸಂದೇಹ ಇದು: ‘ಊರಿನಲ್ಲೇ ಸ್ಕ್ಯಾನ್ ಆಗಿದೆ, ಮತ್ತೆ ಇನ್ನೊಂದು ಏಕೆ?’ ದುಡ್ಡಿಗಾಗಿ ಬರೆಯುತ್ತಾರೆಂದು ಚಿಕಿತ್ಸೆಯನ್ನೇ ಬಿಟ್ಟುಬಿಡಬೇಡಿ. ಕಾರಣ ತಿಳಿದುಕೊಳ್ಳಿ.

ರೋಗ ಪತ್ತೆಯ ಸ್ಕ್ಯಾನ್ ಗೆಡ್ಡೆ ಇದೆಯೇ, ಎಲ್ಲಿದೆ ಎಂದು ಹೇಳುತ್ತದೆ. ವಿಕಿರಣ ಕೊಡುವವರಿಗೆ ಅಷ್ಟು ಸಾಲದು. ಜಮೀನಿನ ಸರ್ವೆಯಂತೆ ಅದರ ಎಲ್ಲೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಗುರುತಿಸಬೇಕು. ಎಲ್ಲೆ ತಪ್ಪಿದರೆ ರೋಗ ಉಳಿಯುತ್ತದೆ, ಇಲ್ಲವೇ ಪಕ್ಕದ ಜೊಲ್ಲುಗ್ರಂಥಿ, ಮೂತ್ರಕೋಶಗಳು ಸುಡುತ್ತವೆ.

ಎರಡು ಯಂತ್ರ, ಒಂದು ಚಿತ್ರ

ಎಂ.ಆರ್.ಐ. ಯಂತ್ರ ಬಲವಾದ ಅಯಸ್ಕಾಂತದಿಂದ ನಾಲಿಗೆ, ಮಿದುಳು, ಗರ್ಭಕೊರಳಿನಂಥ ಮೃದು ಭಾಗಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣ ಸೂಸುವ ಸಕ್ಕರೆಯಂಥ ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಹಸಿದ ಕ್ಯಾನ್ಸರ್ ಜೀವಕೋಶಗಳು ಅದನ್ನು ಹೆಚ್ಚಾಗಿ ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತವೆ.

ಇವೆರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸುವುದು ಸುಲಭವಾಗಿರಲಿಲ್ಲ. ಪೆಟ್‌ನ ಹಳೆಯ ಬೆಳಕುಗ್ರಾಹಿ ಕೊಳವೆಗಳು ಅಯಸ್ಕಾಂತದ ಬಳಿ ಕೆಲಸ ಮಾಡುವುದಿಲ್ಲ. ಅರೆವಾಹಕದ ಗ್ರಾಹಕಗಳು ಬಂದ ಮೇಲೆ, 2010ರ ಸುಮಾರಿಗೆ, ಇಡೀ ದೇಹದ ಜೋಡಿಯಂತ್ರ ಸಾಧ್ಯವಾಯಿತು.

ವಿಕಿರಣಕ್ಕಾಗಿ ಇನ್ನೂ ಕೆಲವು ಮಾರ್ಪಾಡು ಬೇಕು. ಸಾಮಾನ್ಯ ಸ್ಕ್ಯಾನಿನ ಹಾಸಿಗೆ ತುಸು ಬಾಗಿರುತ್ತದೆ. ಚಿಕಿತ್ಸೆಯ ಹಾಸಿಗೆ ಹಲಗೆಯಂತೆ ಸಮತಟ್ಟು. ಆದ್ದರಿಂದ ಸ್ಕ್ಯಾನಿಗೂ ಸಮತಟ್ಟಾದ ಹಲಗೆ ಹಾಕಿ, ಮುಖಕ್ಕೆ ಅದೇ ಮುಖವಾಡ ತೊಡಿಸುತ್ತಾರೆ. ಎಂ.ಆರ್.ಐ.ನ ಸುರುಳಿಗಳು ದೇಹವನ್ನು ಒತ್ತದಂತೆ ಆಧಾರದ ಮೇಲೆ ನಿಲ್ಲಿಸುತ್ತಾರೆ. ಈ ಹಲಗೆ, ಸುರುಳಿಗಳು ಪೆಟ್ ಕಿರಣಗಳನ್ನು ಸ್ವಲ್ಪ ತಡೆಯುವುದರಿಂದ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲರಿಗೂ ಬೇಕೇ?

ಖಂಡಿತ ಇಲ್ಲ. ಹೆಚ್ಚಿನವರಿಗೆ ಸಿ.ಟಿ. ಸ್ಕ್ಯಾನೇ ಯೋಜನೆಗೆ ಆಧಾರ. ವಿಕಿರಣದ ಪ್ರಮಾಣವನ್ನು ಲೆಕ್ಕ ಹಾಕಲು ಬೇಕಾದ ಅಂಗಾಂಶಗಳ ಸಾಂದ್ರತೆಯನ್ನು ಸಿ.ಟಿ. ನೇರವಾಗಿ ಕೊಡುತ್ತದೆ, ಎಂ.ಆರ್.ಐ. ಕೊಡುವುದಿಲ್ಲ. ಅಗತ್ಯವಿದ್ದಾಗ ಬೇರೆಡೆ ತೆಗೆದ ಎಂ.ಆರ್.ಐ., ಪೆಟ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸಿ.ಟಿ.ಯ ಮೇಲೆ ಹೊಂದಿಸುತ್ತಾರೆ. ದೊಡ್ಡ ಯಂತ್ರ ಸಿಗಲೆಂದು ಕಾಯುತ್ತ ಚಿಕಿತ್ಸೆ ಮುಂದೂಡುವುದು ಅಪಾಯ.

ನೀವು ಗಮನಿಸಬೇಕಾದದ್ದು

* ಪೆಟ್ ಸ್ಕ್ಯಾನಿಗೆ ಸಮಯಕ್ಕೆ ಸರಿಯಾಗಿ ತಲುಪಿ. ಆ ಔಷಧದ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ; ನಾಲ್ಕು ಗಂಟೆಯಲ್ಲಿ ಕಾಲು ಭಾಗವೂ ಉಳಿಯದು. ದೂರದವರು ಹಿಂದಿನ ದಿನವೇ ಹೊರಡುವುದು ಮೇಲು.

* ಸಾಮಾನ್ಯವಾಗಿ ಆರು ಗಂಟೆ ಉಪವಾಸವಿರಬೇಕು, ನೀರು ಕುಡಿಯಬಹುದು. ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ಕೇಳಿ.

* ಹೃದಯದ ಪೇಸ್‌ಮೇಕರ್, ಮೈಯೊಳಗಿನ ಲೋಹ, ಗರ್ಭ ಇದ್ದರೆ ತಿಳಿಸಿ. ತಾಳಿ, ಬಳೆ, ಉಡಿದಾರದ ಲೋಹ ತೆಗೆಯಿರಿ.

* ಪೆಟ್ ಆದ ದಿನ ಕೆಲವು ಗಂಟೆ ಎಳೆಮಕ್ಕಳು, ಗರ್ಭಿಣಿಯರಿಂದ ದೂರವಿರಿ.

* ಮೈಮೇಲೆ ಹಾಕಿದ ಶಾಯಿ ಗುರುತನ್ನು ಉಜ್ಜಿ ತೊಳೆಯಬೇಡಿ. ತೂಕ ಇಳಿದು ಮುಖವಾಡ ಸಡಿಲವಾದರೆ ಕೂಡಲೇ ಹೇಳಿ.

* ಹಳೆಯ ಫಿಲ್ಮು, ಸಿ.ಡಿ.ಗಳನ್ನೆಲ್ಲ ಜೊತೆಗೆ ಒಯ್ಯಿರಿ. ಎಷ್ಟೋ ವೇಳೆ ಮತ್ತೊಂದು ಸ್ಕ್ಯಾನಿನ ಖರ್ಚು ಅದರಿಂದಲೇ ಉಳಿಯುತ್ತದೆ.

ಬಾಯಿಯಲ್ಲಿ ಮೂರು ವಾರಕ್ಕೂ ಮಾಯದ ಹುಣ್ಣಿದ್ದರೆ, ಅದರಲ್ಲೂ ಹೊಗೆಸೊಪ್ಪು ಹಾಕುವವರಾದರೆ, ಈ ವಾರವೇ ವೈದ್ಯರಿಗೆ ತೋರಿಸಿ.