ಮರಳಿ ಬರುವ ದವಡೆಯ ಗಂಟು

ಮಧುಗಿರಿ ತಾಲ್ಲೂಕಿನ ದೊಡ್ಡೇರಿಯಲ್ಲಿರುವ ನನ್ನ ಸೋದರಮಾವನ ಕೆಳದವಡೆ ಊದಿಕೊಂಡಾಗ ಅದು ಹುಳುಕು ಹಲ್ಲಿನ ಕಾಟವೆಂದೇ ಎಲ್ಲರೂ ಭಾವಿಸಿದ್ದೆವು. ಹಲ್ಲು ಕಿತ್ತು, ಬುಡದಲ್ಲಿದ್ದ ದ್ರವದ ಚೀಲವನ್ನು ಕೆರೆದು ತೆಗೆದದ್ದಾಯಿತು. ತೆಗೆದ ಚೂರು ಪ್ರಯೋಗಾಲಯಕ್ಕೆ ಹೋಗಲಿಲ್ಲ. ಕಸದ ಬುಟ್ಟಿ ಸೇರಿತು. ನಾಲ್ಕು ವರ್ಷಗಳ ಬಳಿಕ ಊತ ಅಲ್ಲಿಯೇ ಮರುಕಳಿಸಿತು. ಆಗ ನಡೆಸಿದ ಬಯಾಪ್ಸಿಯಿಂದ ಅದು ‘ಓಡಾಂಟೋಜೆನಿಕ್ ಕೆರಾಟೋಸಿಸ್ಟ್’ ಎಂದು ಗೊತ್ತಾಯಿತು.

ದವಡೆಯ ಇತರ ಚೀಲಗಳು ಬಹುಮಟ್ಟಿಗೆ ದ್ರವದ ಒತ್ತಡದಿಂದ ಹಿಗ್ಗುತ್ತವೆ. ಇದರ ಒಳಪದರದ ಜೀವಕೋಶಗಳಾದರೋ ತಾವೇ ಚುರುಕಾಗಿ ವಿಭಜನೆಗೊಳ್ಳುತ್ತವೆ. ಇದಕ್ಕೆ ಸಾಕ್ಷಿ ‘ಕೆಐ-67’ ಎಂಬ ಪ್ರೋಟೀನು. ಇದನ್ನು ಗುರುತಿಸುವ ಪ್ರತಿಕಾಯದ ವಿವರವನ್ನು ಜರ್ಮನಿಯ ಕೀಲ್ ನಗರದ ಸಂಶೋಧಕರು 1983ರಲ್ಲಿ ಪ್ರಕಟಿಸಿದರು. ವಿಭಜನೆಗೆ ಹೊರಟ ಕೋಶದಲ್ಲಿ ಈ ಪ್ರೋಟೀನು ಇರುತ್ತದೆ, ವಿಶ್ರಮಿಸುವ ಕೋಶದಲ್ಲಿ ಇರುವುದಿಲ್ಲ. ಕೆರಾಟೋಸಿಸ್ಟಿನಲ್ಲಿ ವಿಭಜನೆಗೆ ಹೊರಟ ಕೋಶಗಳು ಬೇರೆ ಚೀಲಗಳಿಗಿಂತ ಹೆಚ್ಚು. ತೆಳು ಪದರದ ಒಂದು ತುಣುಕು ಉಳಿದರೂ ಅದು ಮತ್ತೆ ಬೆಳೆಯಬಲ್ಲದು.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗೆಡ್ಡೆಯೆಂದು ವರ್ಗೀಕರಿಸಿತು. 2017ರಲ್ಲಿ ಮತ್ತೆ ಚೀಲವೆಂದಿತು. ಹೆಸರು ಬದಲಾದರೂ ಮರುಕಳಿಸುವ ಗುಣ ಬದಲಾಗಲಿಲ್ಲ.

ಪ್ರತಿ ರೋಗಿಗೂ ಕೆಐ-67 ಪರೀಕ್ಷೆ ಬೇಕೆಂದು ನಾನು ವಾದಿಸುತ್ತಿಲ್ಲ. ರೋಗ ಗುರುತಿಸಲು ಬಹುತೇಕ ಸಾಮಾನ್ಯ ಸೂಕ್ಷ್ಮದರ್ಶಕವೇ ಸಾಕು. ಆದರೆ ದವಡೆಯಿಂದ ತೆಗೆದ ಚೂರು ಕಡ್ಡಾಯವಾಗಿ ಪ್ರಯೋಗಾಲಯ ತಲುಪಬೇಕು. ರೋಗಿಯನ್ನು ವರ್ಷಗಟ್ಟಲೆ ಎಕ್ಸ್-ರೇ ತಪಾಸಣೆಗೆ ಕರೆಯಬೇಕು. ಎರಡನೆಯ ಶಸ್ತ್ರಚಿಕಿತ್ಸೆಯ ನಂತರ ಮಾವನಿಗೆ ನೋವಿಲ್ಲ. ನೋವಿಲ್ಲದ ಮೇಲೆ ತುಮಕೂರಿಗೆ ಬಸ್ ಹತ್ತುವುದೇಕೆಂಬುದು ಅವರ ಪ್ರಶ್ನೆ. ಈ ಗಂಟು ಬಹುತೇಕ ಬೆಳೆಯುವುದೇ ನೋವಿಲ್ಲದೆ ಎಂಬುದನ್ನು ಮೊದಲ ದಿನವೇ ಅವರಿಗೆ ಯಾರಾದರೂ ಹೇಳಬೇಕಿತ್ತು.