ಒಂದು ಲೋಡು ಕೆಮ್ಮಣ್ಣಿನ ಭ್ರಮೆ

ಬೆಂಗಳೂರಿನ ಹೊರವಲಯದ ಹೊಸ ಬಡಾವಣೆಯಲ್ಲಿ ಗೃಹಪ್ರವೇಶ ಮುಗಿಯುವುದೇ ತಡ, ಮನೆ ಹಿಂದಿನ ಬೋಳು ಜಾಗಕ್ಕೆ ಸಲಹೆಗಳು ಬಂದು ಬೀಳುತ್ತವೆ. ಮೊದಲನೆಯದು ಹೆಚ್ಚುಕಡಿಮೆ ಎಲ್ಲರ ಬಾಯಲ್ಲೂ ಒಂದೇ: "ಒಂದು ಲೋಡು ಕೆಮ್ಮಣ್ಣು ಹೊಡೆಸಿಬಿಡಿ, ಏನು ಹಾಕಿದರೂ ಬರುತ್ತೆ."

ಬರುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಬರುವ ಕೆಮ್ಮಣ್ಣು ಎಷ್ಟೋ ಸಲ ಎಲ್ಲೋ ಪಾಯ ತೋಡಿದಾಗ ಎದ್ದ ಅಡಿಮಣ್ಣು. ಅದರ ಚೆಂದದ ಬಣ್ಣ ಕಬ್ಬಿಣದ ಆಕ್ಸೈಡಿನದು, ಸಾರದ್ದಲ್ಲ. ಸಾವಯವ ಅಂಶ, ಸಾರಜನಕ, ರಂಜಕ ಮೂರೂ ಅದರಲ್ಲಿ ಕಡಿಮೆ. ನಿಜವಾದ ತೊಂದರೆ ಇರುವುದಂತೂ ಅದರ ಕೆಳಗೆ. ಜೆಸಿಬಿ ಓಡಾಡಿ ಗಟ್ಟಿಯಾದ ನೆಲ, ಗಾರೆಯ ಚೂರು, ಸಿಮೆಂಟು ಕಲಸಿದ ಜಾಗ. ಸಿಮೆಂಟಿನ ಸುಣ್ಣ ಸೇರಿ ಮಣ್ಣು ಕ್ಷಾರವಾದರೆ ಅದರಲ್ಲಿ ಕಬ್ಬಿಣ ಎಷ್ಟಿದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಒಣಗಿದ ಒಂದು ಹಿಡಿ ಮಣ್ಣಿಗೆ ನಿಂಬೆರಸ ಹಿಂಡಿ ನೋಡಿ. ಬುರುಬುರು ನೊರೆ ಬಂದರೆ ಸುಣ್ಣ ಇದೆ ಎಂದರ್ಥ. ಅಂಥ ನೆಲಕ್ಕೆ "ಒಲೆಬೂದಿ ಹಾಕಿ, ಒಳ್ಳೆಯದು" ಎನ್ನುವವರ ಮಾತು ಕೇಳಬೇಡಿ, ಬೂದಿಯೂ ಕ್ಷಾರವೇ.

ಆಗಬೇಕಾದ ಕೆಲಸ ಬೇರೆ. ಗಾರೆಯ ಚೂರು ಆರಿಸಿ ತೆಗೆದು, ಒಂದು ಅಡಿ ಆಳಕ್ಕೆ ಪಿಕಾಸಿಯಲ್ಲಿ ಅಗೆದು, ಮುಂಗಾರಿಗೆ ಮುಂಚಿನ ಮಳೆಯಲ್ಲಿ ಹುರುಳಿಯನ್ನೋ ಅಲಸಂದೆಯನ್ನೋ ಚೆಲ್ಲಿಬಿಡಿ. ಹೂ ಬಿಡುವ ಹೊತ್ತಿಗೆ ಗಿಡಗಳನ್ನು ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಿ, ಎರಡು ಮೂರು ವಾರ ಕೊಳೆಯಲು ಬಿಡಬೇಕು. ಹೊಲದವರು ಹಸಿರುಗೊಬ್ಬರ ಮಾಡುವುದೂ ಹೀಗೆಯೇ. ಕೆಮ್ಮಣ್ಣಿನ ಲೋಡಿನ ದುಡ್ಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತರಿಸಿ. ಕಳಿತದ್ದು ಎಂಬುದನ್ನು ಒತ್ತಿ ಹೇಳುತ್ತೇನೆ. ಹಸಿ ಸಗಣಿಯೇ ಶ್ರೇಷ್ಠ ಎಂಬ ನಂಬಿಕೆ ಬಲವಾಗಿದೆ. ಆದರೆ ಅದು ಎಳೆ ಬೇರನ್ನು ಸುಡುತ್ತದೆ, ಕಳೆ ಬೀಜವನ್ನೂ ಗೊಣ್ಣೆಹುಳುವನ್ನೂ ಜೊತೆಗೆ ತರುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಯ ಮಡಿಗೆ ರೋಗಾಣುಗಳ ಭಯವೂ ಉಂಟು.

ಇನ್ನೊಂದು ಮಾತು: "ನಮ್ಮೂರಲ್ಲಿ ಬಿಸಿಲಿಗೇನು ಬರ?" ಊರಿಗೆ ಬರವಿಲ್ಲ, ಹಿತ್ತಲಿಗೆ ಇದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಡಿಸೆಂಬರಿನ ಮಟಮಟ ಮಧ್ಯಾಹ್ನವೂ ಅವನು ಏರುವುದು ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ. 20 ಅಡಿ ಎತ್ತರದ ಮನೆಯ ನೆರಳು ಆಗ ಉತ್ತರಕ್ಕೆ 15 ಅಡಿಯಷ್ಟು ಚಾಚುತ್ತದೆ. 30-40 ಸೈಟಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಮನೆ ಕಟ್ಟಿದವರ ಹಿತ್ತಲು ಪೂರ್ತಿ ಅದರೊಳಗೇ. ಮೇ ತಿಂಗಳ ಬಿಸಿಲು ನೋಡಿ ಹಿಗ್ಗಿ, ಮಳೆಗಾಲದ ಕೊನೆಗೆ ಟೊಮೇಟೊ, ಬದನೆ ನೆಟ್ಟವರು ನವೆಂಬರಿನಲ್ಲಿ "ಗಿಡ ಉದ್ದುದ್ದ ಬೆಳೀತು, ಕಾಯಿ ಕಚ್ಚಲಿಲ್ಲ, ಯಾವ ಗೊಬ್ಬರ ಹಾಕಲಿ?" ಎಂದು ಕೇಳುತ್ತಾರೆ. ಗೊಬ್ಬರದ ತಪ್ಪೇನಿಲ್ಲ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೇಕು. ಮೂರು ನಾಲ್ಕು ತಾಸಿನಲ್ಲಿ ಸೊಪ್ಪು, ಪುದೀನ, ಒಂದೆಲಗ ಸುಧಾರಿಸಿಕೊಳ್ಳುತ್ತವೆ. ಕಾಯಿಗಿಡಗಳನ್ನು ತಾರಸಿಗೆ ಹತ್ತಿಸಿ, ಇಲ್ಲವೇ ಮನೆ ಮುಂದಕ್ಕೆ ತನ್ನಿ. ನೋಡಿದವರು ನಕ್ಕರೆ ನಗಲಿ.

ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಾಗಿ ಎಲೆ ಸುಡುತ್ತವೆ ಎಂಬುದನ್ನು ಹಂಗೇರಿಯ ವಿಜ್ಞಾನಿಗಳು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ನುಣುಪಾದ ಎಲೆಗಳು ಸುಡಲಿಲ್ಲ. ಹನಿಯನ್ನು ಮೇಲೆತ್ತಿ ಹಿಡಿಯುವಂಥ ರೋಮಗಳಿರುವ ಎಲೆಗಷ್ಟೇ ಆ ಸಾಧ್ಯತೆ ಕಂಡಿತು. ಆದರೂ ಬೆಳಗ್ಗೆಯೇ ನೀರು ಹಾಕಿ, ಆವಿಯಾಗುವುದು ಕಡಿಮೆ. ಮಧ್ಯಾಹ್ನ ಕುಂಬಳದ ಎಲೆ ಜೋತುಬಿದ್ದ ಮಾತ್ರಕ್ಕೆ ಬಾಯಾರಿಕೆ ಎಂದು ಪೈಪು ಹಿಡಿದು ಓಡಬೇಡಿ. ಮಣ್ಣಿಗೆ ಬೆರಳಿಳಿಸಿ ನೋಡಿ. ಒಳಗೆ ತೇವವಿದ್ದರೆ ಸಂಜೆಗೆ ಎಲೆ ತಾನೇ ಎದ್ದು ನಿಲ್ಲುತ್ತದೆ.

ನುಗ್ಗೆಮರ ಮನೆ ಹತ್ತಿರ ಇರಬಾರದು, ಅದರಲ್ಲಿ ದೆವ್ವ ಇರುತ್ತದೆ ಎಂದು ಹೆದರಿಸುವ ಅಜ್ಜಿಯರನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದೆವ್ವವಿಲ್ಲ, ಕಂಬಳಿಹುಳುವಿದೆ, ಮಳೆಗಾಲದಲ್ಲಿ ಕಾಂಡಕ್ಕೆ ಗುಂಪುಗುಂಪಾಗಿ ಅಂಟಿ ಕೂತಿರುತ್ತದೆ, ರೋಮ ತಾಕಿದರೆ ವಿಪರೀತ ತುರಿಕೆ. ಕೊಂಬೆಯೂ ಪೆಡಸು, ಹತ್ತಿದ ಮಗುವಿನ ಸಮೇತ ಮುರಿಯುತ್ತದೆ. ಬಾಗಿಲು ಕಿಟಕಿಗಳಿಂದ ದೂರ ಮೂಲೆಯಲ್ಲಿ ನೆಟ್ಟು, ವರ್ಷಕ್ಕೊಮ್ಮೆ ಎದೆಮಟ್ಟಕ್ಕೆ ಕಡಿದರೆ ಸೊಪ್ಪೂ ಕಾಯಿಯೂ ಕೈಗೆಟಕುತ್ತವೆ.

ಬೀಜದ ವಿಚಾರಕ್ಕೆ ಬಂದರೆ, ಅಂಗಡಿಯ ಟೊಮೇಟೊ ಹಿಂಡಿ ಒಣಗಿಸಿದ ಬೀಜ ಮೊಳೆಯುತ್ತದೆ, ನಿಜ. ಆದರೆ ಆ ಹಣ್ಣು ಹೈಬ್ರಿಡ್ ಆಗಿದ್ದರೆ ಮಕ್ಕಳು ತಾಯಂತೆ ಬರುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೇಟೊ ಅಂಥ ಹೈಬ್ರಿಡ್. ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ಹಾಗಲ್ಲ. ಹತ್ತಿರದಲ್ಲಿ ಬೇರೆ ಬೆಂಡೆ ಇರದಿದ್ದರೆ ಬಲಿತ ಕಾಯಿಯ ಬೀಜವನ್ನು ಮುಂದಿನ ಸಲಕ್ಕೆ ಎತ್ತಿಡಬಹುದು.

ಕೈತೋಟದಿಂದ ತರಕಾರಿ ಖರ್ಚು ಉಳಿಯುತ್ತದೆ ಎಂಬುದು ಮೊದಲ ವರ್ಷಕ್ಕೆ ಸುಳ್ಳು. ಗುದ್ದಲಿ, ಪೈಪು, ಗೊಬ್ಬರದ ಲೆಕ್ಕ ಹಾಕಿದರೆ ಬದನೆಕಾಯಿ ಬೆಲೆ ಹೇಳುವಂತಿರುವುದಿಲ್ಲ. ಬೇಗ ಗಿಟ್ಟುವುದು ಸೊಪ್ಪು ಮಾತ್ರ. ಹರಿವೆ, ಮೆಂತ್ಯ ತಿಂಗಳೊಳಗೆ ಕೈಗೆ ಬರುತ್ತವೆ. ಹರಿವೆಯನ್ನು ಬುಡಸಮೇತ ಕೀಳದೆ ಚಿವುಟಿದರೆ ಮತ್ತೆ ಚಿಗುರುತ್ತದೆ. ಕೊತ್ತಂಬರಿ ಬೀಜವನ್ನು ಇಡಿಯಾಗಿ ಎಸೆಯಬೇಡಿ, ಚಪ್ಪಲಿ ಅಡಿ ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ ಬಿತ್ತಿ.